ಮಂಜುಳಾ ನೋಟ್ಸ್‌ನ ಹದಿನೇಳನೇ ಹಾಳೆ

ಆ ಹಾಳೆಯನ್ನು ತಪ್ಪಾಗಿ ಬರೆದವಳು ನಾನು. ಮರೆತು ಅಲ್ಲ, ಅವಸರದಲ್ಲಿ ಅಲ್ಲ, ಅರ್ಥವಾಗದೆ ಅಂತೂ ಅಲ್ಲವೇ ಅಲ್ಲ — ಬೇಕೆಂದೇ ಬರೆದೆ. ಮೊದಲು ಸರಿಯಾಗಿಯೇ ಬರೆದಿದ್ದೆ. ಅದನ್ನು ಒಮ್ಮೆ ಓದಿ, ಹರಿದು ಹಾಕಿ, ಇನ್ನೊಂದು ಬಿಳಿ ಹಾಳೆ ತೆಗೆದುಕೊಂಡು ತಪ್ಪಾಗಿ ಬರೆದೆ. ಎರಡನೇ ಸಲ ನನ್ನ ಅಕ್ಷರ ಇನ್ನೂ ದುಂಡಗೆ ಬಂದಿತ್ತು. ಅದು ಕೂಡ ನೆನಪಿದೆ ನನಗೆ.

ಮಂಜುಳಾ, ಹನ್ನೊಂದು ವರ್ಷವಾಯಿತು. ಇದು ನಿನಗೆ ಗೊತ್ತು ಅಂತ ನನಗೆ ಗೊತ್ತು. ಆದರೆ ನನ್ನ ಬಾಯಿಂದ ಬಂದಿಲ್ಲವಲ್ಲ — ಗೊತ್ತಿರುವುದಕ್ಕೂ ಹೇಳುವುದಕ್ಕೂ ಇರುವ ಸಂದಿಯಲ್ಲೇ ನಾನು ಇಷ್ಟು ವರ್ಷ ಹಾಯಾಗಿ ಸಂಸಾರ ಹೂಡಿಕೊಂಡಿದ್ದೆ. ಈಗ ನಿನ್ನೊಬ್ಬಳಿಗೇ ಹೇಳಿದರೂ ಸಾಲದು. ನಿನ್ನ ಹೆಸರು ಕೆಡಿಸಿದ್ದು ಹತ್ತು ಜನರ ಮುಂದೆ. ಹೇಳುವುದೂ ಹತ್ತು ಜನರ ಮುಂದೆಯೇ ಆಗಬೇಕು. ಆದ್ದರಿಂದ ಏನೂ ಗೊತ್ತಿಲ್ಲದವರಿಗೆ ಹೇಳುವ ಹಾಗೆ ಮೊದಲಿನಿಂದ ಹೇಳುತ್ತೇನೆ.

ನಾವಿಬ್ಬರೂ ಕಡೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೆವು. ಕಾಲೇಜಿನ ಹೆಸರು ಬೇಡ, ತಪ್ಪು ಕಾಲೇಜಿನದಲ್ಲ. ನಾನು ಅಜ್ಜಂಪುರದವಳು, ಕೊಬ್ಬರಿ ಮಂಡಿಯವರ ಮಗಳು. ನೀನು ಬುಕ್ಕಾಂಬುಧಿಯಿಂದ ಮೊದಲ ಬಸ್ಸಿಗೆ ಅಜ್ಜಂಪುರಕ್ಕೆ ಬಂದು, ನನ್ನ ಜೊತೆ ಪ್ಯಾಸೆಂಜರ್ ರೈಲು ಹತ್ತುತ್ತಿದ್ದವಳು. ಬಾಗಿಲ ಪಕ್ಕದ ಸೀಟು ನಿನಗೆ, ಕಿಟಕಿ ನನಗೆ. ಕಿಟಕಿ ಯಾವಾಗಲೂ ನನಗೇ ಯಾಕೆ ಅಂತ ಆಗ ನಾನು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ನಮ್ಮ ತರಗತಿಯಲ್ಲಿ ಎಲ್ಲರಿಗೂ ನಡುಕ ಹುಟ್ಟಿಸುತ್ತಿದ್ದದ್ದು ಒಂದೇ ಪತ್ರಿಕೆ — ಶಾಸ್ತ್ರೀಯ ಮತ್ತು ಆಧುನಿಕ ಸಮಾಜಶಾಸ್ತ್ರೀಯ ಸಿದ್ಧಾಂತ. ಜನ ಅದನ್ನು 'ಥಿಯರಿ' ಅಂತಷ್ಟೇ ಕರೆಯುತ್ತಿದ್ದರು, ದೆವ್ವದ ಹೆಸರು ಪೂರ್ತಿ ಹೇಳಬಾರದು ಅನ್ನುವ ಹಾಗೆ. ದಪ್ಪ ಗಡ್ಡದ ಜರ್ಮನಿಯವನು, ಕನ್ನಡಕದ ಫ್ರಾನ್ಸಿನವನು, ಆಮೇಲೆ ಅವರಿಬ್ಬರ ಮೇಲೂ ಜಗಳಕ್ಕೆ ಬಂದ ಅಮೆರಿಕದವರು. ಗ್ರಂಥಾಲಯದಲ್ಲಿ ಅರ್ಥವಾಗುವ ಕನ್ನಡದ ಪುಸ್ತಕ ಇದ್ದದ್ದು ಒಂದೇ ಪ್ರತಿ. ಮೇಷ್ಟ್ರು ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು, ಬರೆದದ್ದೇ ವೇದ. ಯಾರ ನೋಟ್ಸ್ ಚೆನ್ನಾಗಿದೆಯೋ ಅದು ಜೆರಾಕ್ಸ್ ಆಗಿ ಇಡೀ ಬ್ಯಾಚಿಗೆ ಹಂಚಿಹೋಗುತ್ತಿತ್ತು. ಮೂಲ ಪುಸ್ತಕ ಯಾರೂ ಮುಟ್ಟುತ್ತಿರಲಿಲ್ಲ. ಈಗಲೂ ಅಷ್ಟೇ, ನಾನೇ ಪಾಠ ಮಾಡುತ್ತೇನಲ್ಲ, ನನಗೆ ಗೊತ್ತಿಲ್ಲವೇ.

ನನಗೆ ಇಂಗ್ಲಿಷ್ ಬರುತ್ತಿತ್ತು. ಕಾನ್ವೆಂಟಿನ ಇಂಗ್ಲಿಷ್. ಅದನ್ನೇ ಬುದ್ಧಿ ಅಂದುಕೊಂಡಿದ್ದೆ.

ಒಂದು ದಿನ ಮೇಷ್ಟ್ರು ಗಡ್ಡದವನ ಪರಕೀಯತೆಯ ಬಗ್ಗೆ ಕೇಳಿದರು. ದುಡಿಯುವವನಿಗೆ ತಾನು ಮಾಡಿದ ವಸ್ತುವೇ ಹೇಗೆ ಪರರದ್ದಾಗುತ್ತದೆ ಅಂತ. ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ನಾಲ್ಕು ಅಂಶಗಳನ್ನು ಗಡಗಡ ಒದರಿದೆ. ಅವರು ತಲೆಯಾಡಿಸಿ ನಿನ್ನ ಕಡೆ ತಿರುಗಿದರು. ನೀನು ಎದ್ದೆ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು.

"ಸಾರ್, ನಮ್ಮವ್ವ ಅಜ್ಜಂಪುರದ ಮಂಡೀಲಿ ಕೊಬ್ರಿ ಬಿಡ್ಸಾಕೆ ಹೋಗ್ತಾಳೆ. ಬೆಳಗಿಂದ ಸಂಜೆ ತನ್ಕ ಅವಳ ಕೈಯಾಗೆ ಎಷ್ಟ್ ಕಾಯಿ ಹಾಯ್ತವೋ ಲೆಕ್ಕಿಲ್ಲ. ಮನೆಗೆ ಬಂದು ಸಾರಿಗೆ ಒಂದ್ ಚೂರು ಕಾಯಿ ಬೇಕಂದ್ರೆ ಪಕ್ಕದ್ಮನೇಲಿ ಕೇಳ್ತಾಳೆ ಸಾರ್. ಇದೇ ಅಲ್ವಾ ಅದು?"

ಮೇಷ್ಟ್ರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಆಮೇಲೆ, "ಶೈಲಜಾ ಹೇಳಿದ್ದು ಪಾಠ. ಇದು ಉತ್ತರ" ಅಂದರು.

ಆ ಮಂಡಿ ನಮ್ಮದು. ನೀನು ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನಿನ್ನ ಮನಸ್ಸಿನಲ್ಲಿ ಅಂಥದ್ದು ಏನೂ ಇರಲಿಲ್ಲ ಅಂತ ಈಗ ಆಣೆ ಇಟ್ಟು ಹೇಳಬಲ್ಲೆ. ಆದರೆ ಅವತ್ತು ನನಗೆ ತುಂಬಿದ ತರಗತಿಯಲ್ಲಿ ಕೆನ್ನೆಗೆ ಬಾರಿಸಿದ ಹಾಗಾಯಿತು. ಅಪ್ಪನ ಮಂಡಿಯಲ್ಲಿ ಮೂಲೆಯಲ್ಲಿ ಕೂತು ಚಿಪ್ಪು ಒಡೆಯುವ ಹೆಂಗಸರನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು — ನನಗೆ ಕಾಣದೆ ಇದ್ದದ್ದು ಇವಳಿಗೆ ಹೇಗೆ ಕಂಡಿತು? ಹೊಟ್ಟೆ ಉರಿಯಿತು. ಚೆನ್ನಾಗಿ ಉರಿಯಿತು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕುವುದಿಲ್ಲ.

ಸಂಜೆ ರೈಲಿನಲ್ಲಿ ನೀನು ಎಂದಿನ ಹಾಗೆ ನನಗೆ ಗಡ್ಡದವನನ್ನು ಬಿಡಿಸಿ ಹೇಳುತ್ತಾ ಬಂದೆ. ನಾನು ನಿನಗೆ ಇಂಗ್ಲಿಷ್ ಪದಗಳ ಅರ್ಥ ಹೇಳಬೇಕು, ನೀನು ನನಗೆ ಅದರ ಒಳಗಿನದ್ದು ಹೇಳಬೇಕು — ಇದು ನಮ್ಮ ಒಪ್ಪಂದ. ನಿಮ್ಮೂರಲ್ಲಿ ಹೊಲದ ಕೆಲಸಕ್ಕೆ ಇವತ್ತು ಇವರು ಅವರ ಹೊಲಕ್ಕೆ, ನಾಳೆ ಅವರು ಇವರ ಹೊಲಕ್ಕೆ ಹೋಗಿ ದುಡಿದುಕೊಡುವ ಮುಯ್ಯಾಳಿನ ಪದ್ಧತಿ ಇದೆಯಲ್ಲ, ನೀನು ಇದನ್ನೂ ಅದೇ ಅನ್ನುತ್ತಿದ್ದೆ. "ನೋಟ್ಸೂ ಮುಯ್ಯಾಳೇ ಕಣೇ ಶೈಲಾ. ಇವತ್ತು ನನ್ದು, ನಾಳೆ ನಿನ್ದು. ಇದ್ರಲ್ಲಿ ಮೋಸ ಮಾಡಿದ್ರೆ ಮುಂದಿನ್ ವರ್ಷ ಹೊಲಕ್ಕೆ ಯಾರೂ ಬರಲ್ಲ."

ಕೊನೆಯ ಸೆಮಿಸ್ಟರಿನಲ್ಲಿ ಮೇಷ್ಟ್ರು ಒಂದು ಮಾತು ಹೇಳಿದರು. ವಿಭಾಗದಲ್ಲಿ ಒಂದು ಅತಿಥಿ ಉಪನ್ಯಾಸಕರ ಜಾಗ ಇದೆ, ಥಿಯರಿಯಲ್ಲಿ ಯಾರು ಮೊದಲು ಬರುತ್ತಾರೋ ಅವರ ಹೆಸರನ್ನೇ ಕಳಿಸುತ್ತೇನೆ ಅಂತ. ಎಲ್ಲರೂ ನಿನ್ನ ಕಡೆ ನೋಡಿದರು. ನಾನೂ ನೋಡಿದೆ. ನಿನ್ನ ಮುಖ ಅರಳಿತ್ತು. ರೈಲಿನಲ್ಲಿ ನೀನು ಹೇಳಿದೆ, "ಅವ್ವನ್ನ ಮಂಡಿ ಕೆಲ್ಸ ಬಿಡಿಸ್ಬೇಕು ಕಣೇ. ಅದೊಂದೇ ನನ್ ಆಸೆ." ನಮ್ಮ ಮಂಡಿಯಿಂದ. ನನ್ನ ಎದುರಿಗೇ ಹೇಳಿದೆ, ಯಾವ ಸಂಕೋಚವೂ ಇಲ್ಲದೆ, ಗೆಳತಿಗೆ ಹೇಳುವ ಹಾಗೆ.

ಆಮೇಲೆ ಈರುಳ್ಳಿ ಕೀಳುವ ಕಾಲ ಬಂತು. ನಿಮ್ಮಪ್ಪ ಮೂರು ವಾರ ನಿನ್ನನ್ನು ಕಾಲೇಜಿಗೆ ಬಿಡಲಿಲ್ಲ. ಆ ಮೂರು ವಾರದಲ್ಲೇ ಮೇಷ್ಟ್ರು ಫ್ರಾನ್ಸಿನವನ ಐಕ್ಯತೆಯ ಪಾಠ ಮುಗಿಸಿದರು. ಓದುವವರಿಗೆ ಇದನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಜನರನ್ನು ಒಟ್ಟಿಗೆ ಹಿಡಿದಿಡುವ ಒಗ್ಗಟ್ಟು ಎರಡು ಬಗೆ. ಎಲ್ಲರದೂ ಒಂದೇ ಕೆಲಸ, ಒಂದೇ ನಂಬಿಕೆ, ಒಂದೇ ಥರದ ಬದುಕು. ಹಾಗೆ ಒಂದೇ ಥರ ಇರುವುದರಿಂದಲೇ ಕೂಡಿರುತ್ತಾರೆ, ಹಳೆಯ ಊರುಗಳ ಹಾಗೆ. ಇದು ಯಾಂತ್ರಿಕ ಐಕ್ಯತೆ. ಇನ್ನೊಂದರಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ, ಹಾಗಾಗಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುವುದಿಲ್ಲ, ಪಟ್ಟಣಗಳ ಹಾಗೆ. ಇದು ಸಾವಯವ ಐಕ್ಯತೆ. ಮೊದಲ ಸಲ ಕೇಳಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಅದಕ್ಕೇ ಮೇಷ್ಟ್ರು ಮೂರು ದಿನ ಮೂರು ಸಲ ಒತ್ತಿ ಹೇಳಿದರು. ಆ ಮೂರು ದಿನವೂ ನೀನು ಹೊಲದಲ್ಲಿದ್ದೆ.

ವಾಪಸು ಬಂದವಳು ಕೇಳಿದೆ, "ನಾನ್ ಇಲ್ದಾಗಿಂದು ಬರ್ಕೊಡ್ತೀಯೇನೇ? ಕೈಯೆಲ್ಲ ಒಡ್ದೋಗಿದೆ, ಪೆನ್ನು ಹಿಡಿಯಾಕೆ ಆಗ್ತಿಲ್ಲ." ನಿನ್ನ ಬೆರಳು ನೋಡಿದೆ. ಒಡೆದ ಸಂದಿಯಲ್ಲಿ ಮಣ್ಣು ಕೂತಿತ್ತು. ಬರೆದುಕೊಡುತ್ತೇನೆ ಅಂದೆ.

ಭಾನುವಾರ ಮಧ್ಯಾಹ್ನ, ಅಪ್ಪನ ಮಂಡಿಯಲ್ಲೇ ಕೂತು ಬರೆದೆ. ಹಿಂದೆ ಹೆಂಗಸರು ಚಿಪ್ಪು ಒಡೆಯುವ ಸದ್ದು — ನಿಮ್ಮವ್ವನೂ ಇದ್ದಳು. ಹದಿನಾರನೇ ಹಾಳೆಯವರೆಗೆ ನಿನ್ನದೇ ನೋಟ್ಸ್, ಐಕ್ಯತೆಗೆ ನನ್ನದು ಒಂದೇ ಹಾಳೆ. ಆ ಹದಿನೇಳನೆಯದನ್ನು ಮೊದಲು ಸರಿಯಾಗಿ ಬರೆದೆ, ಆಮೇಲೆ ಅದನ್ನು ಹರಿದೆ. ಹೊಸ ಹಾಳೆಯಲ್ಲಿ ಎರಡನ್ನೂ ಅದಲುಬದಲು ಮಾಡಿದೆ. ಹಳ್ಳಿಯದ್ದು ಸಾವಯವ, ಪಟ್ಟಣದ್ದು ಯಾಂತ್ರಿಕ. ಅಷ್ಟಕ್ಕೇ ಬಿಡಲಿಲ್ಲ. ನೀನು ನಂಬಲೇಬೇಕು ಅಂತ ಉದಾಹರಣೆ ಕೊಟ್ಟೆ — ಸಾವಯವಕ್ಕೆ ನಿಮ್ಮೂರಿನ ಮುಯ್ಯಾಳು, ಯಾಂತ್ರಿಕಕ್ಕೆ ತರೀಕೆರೆ ಬಸ್‌ಸ್ಟ್ಯಾಂಡು. ನೀನೇ ನನಗೆ ಹೇಳಿಕೊಟ್ಟ ಮುಯ್ಯಾಳನ್ನು ನಿನಗೇ ಗಾಳವಾಗಿ ಸಿಕ್ಕಿಸಿದೆ. ಎಂಥ ಬುದ್ಧಿವಂತೆ ನಾನು! ಎರಡು ವರ್ಷದಲ್ಲಿ ಥಿಯರಿಯನ್ನು ಸ್ವಂತವಾಗಿ ಬಳಸಿದ್ದು ಅದೊಂದೇ ಸಲ.

ಗ್ರಂಥಾಲಯದ ಆ ಒಂದೇ ಪುಸ್ತಕ? ಅದೂ ನನ್ನ ಚೀಲದಲ್ಲಿತ್ತು. ಪರೀಕ್ಷೆ ಮುಗಿಯುವವರೆಗೆ ವಾಪಸು ಕೊಡಲಿಲ್ಲ.

ನಾನು ಲೆಕ್ಕ ಹಾಕದೇ ಇದ್ದದ್ದು ಒಂದು. ಪರೀಕ್ಷೆಗೆ ವಾರ ಇರುವಾಗ ತರೀಕೆರೆಯ ಹುಡುಗಿಯೊಬ್ಬಳು ನಿನ್ನ ಇಡೀ ನೋಟ್ಸ್ ತೆಗೆದುಕೊಂಡು ಹೋಗಿ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದಳು. ಅವಳಿಂದ ಇನ್ನೊಬ್ಬಳು, ಅವಳಿಂದ ಮತ್ತೊಬ್ಬ. ನಾನು ನೋಡುತ್ತಲೇ ಇದ್ದೆ. ಒಂದು ಮಾತು ಸಾಕಿತ್ತು — 'ಹದಿನೇಳನೇ ಹಾಳೆ ಸರಿ ಇಲ್ಲ' ಅಂತ. ಅರ್ಧ ಬ್ಯಾಚು ಆ ಹಾಳೆಯನ್ನು ಬಾಯಿಪಾಠ ಮಾಡುತ್ತಿದ್ದಾಗ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಪ್ರಶ್ನೆಪತ್ರಿಕೆಯಲ್ಲಿ ಎರಡು ದೊಡ್ಡ ಪ್ರಶ್ನೆ ಅದರ ಮೇಲೇ ಬಂತು.

ಪರೀಕ್ಷೆ ಮುಗಿದು ಹೊರಗೆ ಬಂದಾಗ ಮೇಷ್ಟ್ರು ಯಾರಿಗೋ ಉತ್ತರ ಹೇಳುತ್ತಿದ್ದರು. ಕೇಳಿಸಿಕೊಂಡವರ ಮುಖ ಒಬ್ಬೊಬ್ಬರದೇ ಇಳಿಯಿತು. ತರೀಕೆರೆಯ ಹುಡುಗಿ ನಿನ್ನ ಮುಂದೆ ಆ ಹಾಳೆ ಹಿಡಿದಳು. "ಇದೇನೇ ಮಂಜುಳಾ? ಇದು ಶೈಲಜಾ ಅಕ್ಷರ ಅಲ್ವಾ?" ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ನೀನು ನನ್ನ ಮುಖ ನೋಡಿದೆ — ಅಯ್ಯೋ, ಆ ನೋಟದಲ್ಲಿ ಅನುಮಾನ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅದರಲ್ಲಿ ಇದ್ದದ್ದು ನನ್ನ ಮೇಲಿನ ಮರುಕ. ನೀನು ಹೇಳಿದೆ, "ನಾನ್ ಹೇಳ್ದೆ, ಅವಳು ಬರ್ಕೊಟ್ಟಳು. ತಪ್ಪು ನನ್ದು ಕಣ್ರೇ. ಅವಳನ್ನ ಏನೂ ಅನ್ಬೇಡಿ."

ಎಲ್ಲರೂ ನಿನ್ನನ್ನು ಬೈದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ಪಾಪದವಳ ಹಾಗೆ.

ಕಡೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಾಗ ನೀನು ನನ್ನ ಕೈ ಹಿಡಿದುಕೊಂಡೆ. "ಹೋಗ್ಲಿ ಬಿಡೇ. ಬರ್ಕೊಳ್ಳೋವಾಗ ನಿಂಗೇ ತಿರುಗುಮುರುಗು ಆಗೈತೆ. ಪರೀಕ್ಷೇಲಿ ನೀನೂ ಹಂಗೇ ಬರ್ದ್‌ಬಿಟ್ಟೆ ಅಲ್ವಾ?"

ಅಲ್ಲಿಯೂ ಒಂದು ಬಾಗಿಲು ತೆರೆದಿತ್ತು. ಎಲ್ಲ ಹೇಳಿಬಿಡಬಹುದಿತ್ತು.

"ಹೌದು ಕಣೇ," ಅಂದೆ. "ನಾನೂ ಹಂಗೇ ಬರೆದೆ."

ನೀನು ನನಗೆ ಸಮಾಧಾನ ಮಾಡಿದೆ. ಮಂಜುಳಾ, ನೀನು *ನನಗೆ* ಸಮಾಧಾನ ಮಾಡಿದೆ! ಡಬ್ಬಿ ತೆಗೆದು ಉಳಿದ ಒಂದು ರೊಟ್ಟಿಯನ್ನು ಮುರಿದು ಅರ್ಧ ಕೊಟ್ಟೆ. ನಾನು ತಿಂದೆ. ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ, ಏನೂ ಆಗಲಿಲ್ಲ, ಚಟ್ನಿಪುಡಿ ಚೆನ್ನಾಗಿದೆ ಅಂತಲೂ ಅಂದೆ. ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಫಲಿತಾಂಶದ ದಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಥಿಯರಿಯಲ್ಲಿ ನಾನೇ ಮೊದಲು. ನೀನು ಎಷ್ಟೋ ಕೆಳಗೆ. ನೀನು ಬೆರಳಿಟ್ಟು ನಿನ್ನ ಸಾಲು ಓದಿದೆ, ಆಮೇಲೆ ನನ್ನ ಸಾಲು ಓದಿದೆ. ಇನ್ನೊಂದು ಸಲ ಓದಿದೆ. 'ನಾನೂ ಹಂಗೇ ಬರೆದೆ' ಅಂದವಳಿಗೆ ಅಷ್ಟು ಅಂಕ ಬರುವಂತಿರಲಿಲ್ಲ. ಅವತ್ತು ರೈಲಿನಲ್ಲಿ ಬೇರೆ ಬೋಗಿ ಹತ್ತಿದೆ. ಅವತ್ತಿನಿಂದ ಇವತ್ತಿನವರೆಗೂ ನಾವು ಮಾತಾಡಿಲ್ಲ. ಆಗಲೂ ನೀನು ಯಾರ ಹತ್ತಿರವೂ ಹೋಗಿ 'ಆ ಹಾಳೆ ಶೈಲಜಾಳದು' ಅನ್ನಲಿಲ್ಲ. ಒಮ್ಮೆ ನಿನ್ನ ಮೇಲೆ ಹಾಕಿಕೊಂಡದ್ದನ್ನು ನೀನು ಕೆಳಗಿಳಿಸಲೇ ಇಲ್ಲ. ಅದಕ್ಕೆ ನಿನ್ನ ಮೇಲೂ ನನಗೆ ಸಿಟ್ಟು ಬರುತ್ತದೆ — ಯಾಕೆ ಬಂದು ನನ್ನ ಜುಟ್ಟು ಹಿಡಿಯಲಿಲ್ಲ ನೀನು? ನೋಡು, ಇಲ್ಲಿಯೂ ನಿನ್ನ ಮೇಲೇ ತಪ್ಪು ಹೊರಿಸುತ್ತಿದ್ದೇನೆ. ಈ ಬುದ್ಧಿ ಹೋಗುವುದಿಲ್ಲ ನನಗೆ.

ಆ ಜಾಗ ನನಗೆ ಸಿಕ್ಕಿತು. ಏನು ಸಿಕ್ಕಿತು? ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕು, ಯಾರ ಯಾರ ಮುಂದೆಯೋ ಹಲ್ಲು ಕಿರಿ, ಮುಂದಿನ ವರ್ಷ ಇರುತ್ತೀನೋ ಇಲ್ಲವೋ ಅಂತ ಬೇಸಿಗೆಯೆಲ್ಲ ಕಾಯಿ. ಇಷ್ಟಕ್ಕೆ. ಇಂಥ ಕಡ್ಡಿಯಂಥ ಕೆಲಸಕ್ಕೆ ನಾನು ನಿನ್ನ ಬದುಕಿಗೆ ಅಡ್ಡಗಾಲು ಹಾಕಿದೆ. ದೊಡ್ಡದಾಗಿದ್ದರೆ ಸರಿಯಾಗುತ್ತಿತ್ತು ಅಂತಲ್ಲ. ಆದರೆ ಇದಕ್ಕಾ?

ಥಿಯರಿಯ ಆಧುನಿಕ ಭಾಗದಲ್ಲಿ ಒಂದು ಪಾಠ ಇದೆ. ಹೊಡೆಯದೆ, ಬೈಯದೆ, ಮೇಲಿನವರು ಕೆಳಗಿನವರಿಗೆ ಮಾಡುವ ಹಿಂಸೆ. ಅನುಭವಿಸುವವರೇ ಅದನ್ನು ತಮ್ಮ ತಪ್ಪು ಅಂದುಕೊಳ್ಳುತ್ತಾರೆ. ಪ್ರತಿವರ್ಷ ಅದನ್ನು ಬೋರ್ಡಿನ ಮೇಲೆ ದುಂಡಗೆ ಬರೆಯುತ್ತೇನೆ. ಉದಾಹರಣೆ ಕೊಡಿ ಮೇಡಂ ಅಂದರೆ ಎಲ್ಲೆಲ್ಲಿಯದೋ ಹೇಳುತ್ತೇನೆ. ಕಡೂರು ಸ್ಟೇಷನ್ನಿನ ಕಲ್ಲುಬೆಂಚು ಒಂದನ್ನು ಬಿಟ್ಟು.

ನೀನು ಈಗ ಬುಕ್ಕಾಂಬುಧಿ ಕಡೆಯ ಒಂದು ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿ ಅಂತ ಗೊತ್ತು. ನೀರು ಬೆರೆಸಿದ ಹಾಲನ್ನು ನೀನು ಕ್ಯಾನು ಕೆಳಗಿಳಿಸುವಷ್ಟರಲ್ಲಿ ಹೇಳುತ್ತೀಯಂತೆ, ಎಂಥವರಿಗೂ ಮುಲಾಜು ನೋಡುವುದಿಲ್ಲವಂತೆ. ನಿಮ್ಮವ್ವ ಮಾತ್ರ ಆಮೇಲೂ ಆರು ವರ್ಷ ನಮ್ಮ ಮಂಡಿಗೆ ಬಂದಳು, ಬೆನ್ನು ಪೂರ್ತಿ ಬಾಗುವವರೆಗೆ. ನಾನು ಕಾಲೇಜಿಗೆ ಹೊರಟಾಗ ಎದುರಾದರೆ, "ಪಾಠ ಮಾಡಾಕೆ ಹೊಂಟ್ಯೇನವ್ವಾ?" ಅಂತ ನಗುತ್ತಾ ಕೇಳುತ್ತಿದ್ದಳು. ನೀನು ಅವಳಿಗೂ ಹೇಳಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಈಗಲೂ ಬರೆಯುತ್ತಿರಲಿಲ್ಲ, ನಿಜ ಹೇಳುತ್ತೇನೆ. ಬರೆಸಿದ್ದು ಆ ಹಾಳೆಯೇ.

ತರೀಕೆರೆಯ ಜೆರಾಕ್ಸ್ ಅಂಗಡಿಯವರು ಒಳ್ಳೆಯ ನೋಟ್ಸ್ ಬಂದರೆ ಒಂದು ಪ್ರತಿ ತಾವೇ ಇಟ್ಟುಕೊಳ್ಳುತ್ತಾರೆ, ಕೇಳಿದವರಿಗೆ ಮಾಡಿಕೊಡುತ್ತಾರೆ. 'ಮಂಜುಳಾ ನೋಟ್ಸ್' ಅಂತಲೇ ಅದಕ್ಕೆ ಹೆಸರು. ಉಳಿದದ್ದೆಲ್ಲ ಅಷ್ಟು ಚೆನ್ನಾಗಿರುವುದರಿಂದ ಅದು ಸಾಯಲೇ ಇಲ್ಲ. ನಾನು ತರಗತಿಯಲ್ಲಿ ಎಷ್ಟು ಸರಿಯಾಗಿ ಹೇಳಿದರೂ, ಕಿರುಪರೀಕ್ಷೆಯಲ್ಲಿ ನಾಲ್ಕೈದು ಜನ ಆ ಹದಿನೇಳನೇ ಹಾಳೆಯನ್ನೇ ಬರೆಯುತ್ತಾರೆ — ಮುಯ್ಯಾಳು, ಬಸ್‌ಸ್ಟ್ಯಾಂಡು, ಎಲ್ಲ ಅಕ್ಷರಕ್ಕೆ ಅಕ್ಷರ. ನಾನು ಕೆಂಪು ಪೆನ್ನಿನಲ್ಲಿ ಅಡ್ಡ ಗೆರೆ ಎಳೆದು ಸೊನ್ನೆ ಹಾಕುತ್ತೇನೆ. ಹತ್ತು ವರ್ಷದಿಂದ ನನ್ನ ಸುಳ್ಳಿಗೆ ಬೇರೆಯವರ ಮಕ್ಕಳಿಗೆ ಸೊನ್ನೆ ಹಾಕುತ್ತಾ ಬಂದಿದ್ದೇನೆ.

ಈ ವರ್ಷ ದಿವ್ಯಾ ಅನ್ನುವ ಹುಡುಗಿ ಸೊನ್ನೆ ತೆಗೆದುಕೊಂಡು ಸುಮ್ಮನಿರಲಿಲ್ಲ. ಅಂತರಘಟ್ಟೆ ಕಡೆಯವಳು, ತಗ್ಗಿ ಮಾತಾಡುವವಳಲ್ಲ. ಜೆರಾಕ್ಸ್ ತಂದು ತುಂಬಿದ ತರಗತಿಯಲ್ಲಿ ನನ್ನ ಮೇಜಿನ ಮೇಲೆ ಇಟ್ಟಳು.

"ಮೇಡಂ, ಇದ್ರಲ್ಲಿ ಇರೋದನ್ನೇ ನಾನು ಬರ್ದಿರೋದು. ಇದು ನಿಮ್ಮ ಅಕ್ಷರಾನೇ ಅಲ್ವಾ? ಬೋರ್ಡ್ ಮೇಲೆ ನೋಡಿ, 'ಕ'ಗೆ ಹಿಂಗೇ ಬಾಲ ಎಳೀತೀರ."

ಎಲ್ಲರೂ ಹಾಳೆ ನೋಡಿದರು, ಬೋರ್ಡು ನೋಡಿದರು. ಆಗ ನನ್ನ ಬಾಯಿಂದ ಏನು ಬಂತು ಗೊತ್ತಾ? ಹುಡುಕಬೇಕಾಗಿಯೇ ಇರಲಿಲ್ಲ, ನಾಲಿಗೆಯ ತುದಿಯಲ್ಲೇ ಇತ್ತು, ಹನ್ನೊಂದು ವರ್ಷದಿಂದ ಕಾದು ಕೂತಿತ್ತು.

"ಅಕ್ಷರ ನಂದೇ. ಮಂಜುಳಾ ಹೇಳಿದಳು, ನಾನು ಬರೆದುಕೊಟ್ಟೆ. ಅವಳಿಗೆ ಥಿಯರಿ ಅರ್ಥವಾಗಿರಲಿಲ್ಲ."

ನನ್ನನ್ನು ಕಾಯುವುದಕ್ಕೆ ನೀನು ಹೇಳಿದ ಸುಳ್ಳನ್ನೇ ತೆಗೆದು ನಿನ್ನ ಮೇಲೆ ಎಸೆದೆ. ಹುಡುಗರು ನಕ್ಕರು. ಯಾರೋ, "ಅದ್ಕೇ ಅವ್ಳು ಮೇಡಂ ಆಗ್ಲಿಲ್ಲ ಬಿಡ್ರೋ" ಅಂದ. ದಿವ್ಯಾ ಮಾತ್ರ ನಗಲಿಲ್ಲ. ಹಾಳೆ ಮಡಚಿಕೊಂಡು ಹೇಳಿದಳು, "ಬಾಕಿ ಹಾಳೆಯೆಲ್ಲ ಇಷ್ಟು ಚೆನ್ನಾಗಿ ಬರ್ದೋರಿಗೆ ಇದೊಂದು ಅರ್ಥ ಆಗ್ಲಿಲ್ವಾ ಮೇಡಂ?"

ನಾನು ಬೋರ್ಡ್ ಒರೆಸುವುದಕ್ಕೆ ತಿರುಗಿದೆ. ಒರೆಸಲು ಅಲ್ಲಿ ಹೆಚ್ಚೇನೂ ಇರಲಿಲ್ಲ.

ಮಾರನೆಯ ದಿನ ತರೀಕೆರೆಗೆ ಹೋದೆ. ಅಂಗಡಿಯವರು ಕಪಾಟಿನಿಂದ ಕಟ್ಟು ಇಳಿಸಿಕೊಟ್ಟರು. ಹದಿನೇಳನೇ ಹಾಳೆ ತೆಗೆದೆ. ಪ್ರತಿಯ ಮೇಲೆ ಪ್ರತಿಯಾಗಿ ಅಂಚು ಕಪ್ಪಾಗಿದೆ, ಅಕ್ಷರ ಮಾತ್ರ ಹಾಗೇ ಇದೆ, ದುಂಡಗೆ. ತಪ್ಪಿದೆ, ಸರಿಮಾಡಬೇಕು ಅಂದೆ. "ಅದಕ್ಕೇನಂತೆ ಮೇಡಂ, ಹೊಸ ಹಾಳೆ ಬರ್ಕೊಟ್‌ಬಿಡಿ, ಹಳೇದು ಕಿತ್ತಾಕ್ತೀನಿ. ಯಾರಿಗೂ ಗೊತ್ತಾಗಲ್ಲ" ಅಂದರು ಅವರು, ಒಳ್ಳೆಯ ಮನಸ್ಸಿನಿಂದಲೇ.

ಯಾರಿಗೂ ಗೊತ್ತಾಗಲ್ಲ. ಒಂದು ಗಳಿಗೆ ಆಸೆಯಾಯಿತು. ಸುಳ್ಳು ಹೇಳುವುದಿಲ್ಲ, ಕೈ ಹೊಸ ಹಾಳೆಯ ಕಡೆಗೇ ಹೋಗಿತ್ತು. ಒಂದು ಸಲ ಹರಿದು ಹೊಸ ಹಾಳೆ ತೆಗೆದುಕೊಂಡವಳಿಗೆ ಇನ್ನೊಂದು ಸಲ ಕಷ್ಟವೇ?

ಕಿತ್ತುಹಾಕಬೇಡಿ ಅಂದೆ. ಆ ಹಾಳೆಯ ಮೇಲೆಯೇ, ಖಾಲಿ ಅಂಚಿನಲ್ಲಿ, ದಪ್ಪ ಪೆನ್ನಿನಲ್ಲಿ ಬರೆದೆ: "ಈ ಹಾಳೆಯಲ್ಲಿ ಎರಡೂ ಅದಲುಬದಲಾಗಿವೆ. ಗೊತ್ತಿದ್ದೂ ಹೀಗೆ ಬರೆದವಳು ನಾನು. ಮಂಜುಳಾಳಿಗೆ ಗೊತ್ತಿರಲಿಲ್ಲ. ಉಳಿದ ನೋಟ್ಸ್ ಅವಳದು, ನಂಬಿ ಓದಿ." ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಅಂಗಡಿಯವರು ಓದಿದರು, ನನ್ನ ಮುಖ ನೋಡಿದರು, ಮತ್ತೆ ಕಟ್ಟಿಟ್ಟರು. ಒಂದು ಪ್ರತಿ ಮಾಡಿಸಿಕೊಂಡು ಬಂದು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಯಾರೂ ನಗಲಿಲ್ಲ. ಮುಂದಿನ ವರ್ಷ ನನ್ನ ಅರ್ಜಿ ಏನಾಗುತ್ತದೋ ನೋಡಬೇಕು. ಏನಾದರೂ ಆಗಲಿ.

ಮಂಜುಳಾ, ಇದರಿಂದ ನಿನಗೆ ಏನೂ ವಾಪಸು ಬರುವುದಿಲ್ಲ. ನಿಮ್ಮವ್ವನ ಬೆನ್ನು ನೆಟ್ಟಗಾಗುವುದಿಲ್ಲ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಮತ್ತೆ ಅರ್ಧ ರೊಟ್ಟಿ ಮುರಿದುಕೊಡುತ್ತೀಯ ಅನ್ನುವ ಭಯ ನನಗೆ. ಆ ಹಾಳೆಯ ಪ್ರತಿ, ಈ ಬರಹ ಎರಡನ್ನೂ ತೆಗೆದುಕೊಂಡು ಸೋಮವಾರ ಬೆಳಗಿನ ಬಸ್ಸಿಗೆ ನಿಮ್ಮ ಸೊಸೈಟಿಗೆ ಬರುತ್ತೇನೆ. ಹಾಲು ಹಾಕುವವರೆಲ್ಲ ಸಾಲಿನಲ್ಲಿ ನಿಂತಿರುವಾಗಲೇ ಬರುತ್ತೇನೆ. 'ನೀನೂ ಹಂಗೇ ಬರ್ದ್‌ಬಿಟ್ಟೆ ಅಲ್ವಾ' ಅಂತ ಕಡೂರು ಸ್ಟೇಷನ್ನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಬಾಕಿ ಇದೆ.

ಇಲ್ಲ ಕಣೇ. ನಾನು ಸರಿಯಾಗಿಯೇ ಬರೆದೆ.